ಹತ್ತಾರು ಕೈಗಳ ಹೆಣಿಗೆ, ಒಂದೇ ಮರಕ್ಕೆ

ಹತ್ತು ಜನಕ್ಕೆ ಒಂದೇ ಉಲ್ಲನ್, ಒಂದೇ ದಪ್ಪದ ಕ್ರೋಶಾ ಕಡ್ಡಿ (ತುದಿಯಲ್ಲಿ ಕೊಕ್ಕೆ ಇರುವ ಹೆಣಿಗೆ ಕಡ್ಡಿ) ಕೊಟ್ಟು 15 ಸೆಂ.ಮೀ. ಚೌಕ ಹೆಣೆಯಿರಿ ಅಂದರೆ ಹತ್ತು ಬೇರೆ ಬೇರೆ ಅಳತೆಯ ಚೌಕ ಬರುತ್ತವೆ. ಕೈ ಬಿಗಿ ಇರುವವರದ್ದು 13ಕ್ಕೇ ನಿಲ್ಲುತ್ತದೆ, ಕೈ ಸಡಿಲ ಇರುವವರದ್ದು 17 ದಾಟುತ್ತದೆ. ಗ್ರಂಥಾಲಯದ ಮುಂದಿನ ಮರಗಳಿಗೆ ಎಲ್ಲರೂ ಸೇರಿ ಹೆಣೆದು ಹೊದಿಸುವ ಕೆಲಸವನ್ನು ನಾನು ಮುಂದೆ ನಿಂತು ಮಾಡಿಸಿದೆ. ಹೆಣೆಯುವುದಕ್ಕಿಂತ ಈ ಚೌಕಗಳನ್ನು ಜೋಡಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ನನಗೆ ಜಾಸ್ತಿ ಖುಷಿ ಕೊಟ್ಟದ್ದೂ ಅದೇ ಭಾಗ.

ಮರ, ಕಂಬ, ಬೆಂಚುಗಳಿಗೆ ಹೀಗೆ ಹೆಣಿಗೆ ತೊಡಿಸುವುದನ್ನು ಯಾರ್ನ್ ಬಾಂಬಿಂಗ್ ಅನ್ನುತ್ತಾರೆ. 2005ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಮ್ಯಾಗ್ಡಾ ಸೇಯೆಗ್ ತಮ್ಮ ಅಂಗಡಿಯ ಬಾಗಿಲ ಹಿಡಿಗೆ ಒಂದು ಹೆಣಿಗೆ ಸುತ್ತಿದರು. ಈ ಕಲೆ ಊರೂರಿಗೆ ಹಬ್ಬಿದ್ದು ಅಲ್ಲಿಂದ. ನನ್ನನ್ನು ಸೆಳೆದದ್ದು ಮಾತ್ರ ಅದರ ಮರುವರ್ಷದ ಇನ್ನೊಂದು ಕೆಲಸ. ಇರಾಕ್ ಯುದ್ಧವನ್ನು ವಿರೋಧಿಸಿ ಡೆನ್ಮಾರ್ಕ್‌ನ ಕಲಾವಿದೆ ಮರಿಯಾನೆ ಯೋರ್ಗೆನ್ಸನ್ ಕೋಪನ್‌ಹೇಗನ್‌ನಲ್ಲಿ ಒಂದು ಸೇನಾ ಟ್ಯಾಂಕಿಗೆ ಗುಲಾಬಿ ಬಣ್ಣದ ಹೊದಿಕೆ ಹಾಕಿದರು. ಬೇರೆ ಬೇರೆ ದೇಶದವರು ಹೆಣೆದ 4000ಕ್ಕೂ ಹೆಚ್ಚು ಚೌಕಗಳು ಅದರಲ್ಲಿದ್ದವು. ಅದರ ಫೋಟೊವನ್ನು ಹತ್ತಿರದಿಂದ ನೋಡಿ. ಒಂದು ಚೌಕದ ಹಾಗೆ ಇನ್ನೊಂದಿಲ್ಲ. ಅಷ್ಟು ಜನ ಒಟ್ಟಿಗೆ ನಿಂತಿದ್ದಾರೆ ಅಂತ ಗೊತ್ತಾಗುವುದೇ ಆ ವ್ಯತ್ಯಾಸದಿಂದ, ಅಲ್ವಾ?

ಹಾಗಾಗಿ ಚೌಕಗಳನ್ನು ಎಳೆದು, ಕತ್ತರಿಸಿ ಒಂದೇ ಥರ ಮಾಡುವುದು ನನಗೆ ಬೇಡವಿತ್ತು. ಅಂಚಿನಲ್ಲಿ ಸರಿಪಡಿಸಿದೆವು. ಚಿಕ್ಕ ಚೌಕಕ್ಕೆ ಸುತ್ತಲೂ ಇನ್ನೊಂದೆರಡು ಸಾಲು ಹಾಕಿದರೆ ಅಳತೆಗೆ ಬರುತ್ತದೆ. ದೊಡ್ಡದಕ್ಕೆ ಸಣ್ಣ ಕಡ್ಡಿಯಿಂದ ಬಿಗಿಯಾದ ಒಂದೇ ಸಾಲು ಹಾಕಿ, ನಡುನಡುವೆ ಎರಡೆರಡು ಕುಣಿಕೆಗಳನ್ನು ಒಂದಾಗಿ ಕೂಡಿಸಿ ಹೆಣೆಯುತ್ತಾ ಹೋದರೆ ಅಂಚು ಒಳಗೆ ಸರಿಯುತ್ತದೆ. ಅಂಚಿಗೆಲ್ಲ ಒಂದೇ ಬಣ್ಣ, ಕಡುನೀಲಿ. ಒಳಗೆ ಯಾರು ಯಾವ ಬಣ್ಣ ಹಾಕಿದ್ದರೂ ಆ ನೀಲಿ ಗೆರೆ ಎಲ್ಲವನ್ನೂ ಹಿಡಿದಿಟ್ಟಿತು. ಜೋಡಣೆಯನ್ನೂ ಕ್ರೋಶಾದಲ್ಲೇ, ಮುಂಭಾಗದಿಂದ ಮಾಡಿದೆವು. ಆಗ ಎರಡು ಚೌಕಗಳ ನಡುವೆ ಒಂದು ಸಣ್ಣ ಏಣು ಎದ್ದು ನಿಲ್ಲುತ್ತದೆ. ಕೆಲವರು ಅದನ್ನು ಒಳಕ್ಕೆ ಮರೆಮಾಡುತ್ತಾರೆ. ನನಗಂತೂ ಅದು ಕಾಣಬೇಕು, ಬೆರಳಿಗೆ ಸಿಗಬೇಕು.

ಗುಂಪಿನ ಹಿರಿಯರೊಬ್ಬರು ಒಂದು ಚೌಕವನ್ನು ಬೆಳಕಿಗೆ ಹಿಡಿದು, "ಇದು ನಿಮ್ಮದೇ ಅಲ್ವೇನಮ್ಮಾ? ಮೂಲೆ ತಿರುಗಿಸುವಾಗ ನೀವು ಕೈ ಬಿಗಿ ಮಾಡ್ತೀರಿ" ಅಂದರು. ನಿಜ, ನನ್ನದೇ ಆಗಿತ್ತು. ಹೆಣಿಗೆ ನೋಡಿ ಕೈ ಗುರುತಿಸುವ ಕಣ್ಣು ಅದು. ಅಂಥವರ ಪಕ್ಕದಲ್ಲಿ ಕೂತು ಕಲಿತದ್ದನ್ನು ಯಾವ ವಿಡಿಯೊವೂ ಕಲಿಸುವುದಿಲ್ಲ.

ನೂಲಿನ ಬಗ್ಗೆ ಒಂದು ಮಾತು. ಹೊರಗೆ ಮಳೆ ಬಿಸಿಲಿಗೆ ನಿಲ್ಲುವುದು ಅಕ್ರಿಲಿಕ್. ಹತ್ತಿ ನೂಲು ನೀರು ಕುಡಿದು ಭಾರವಾಗಿ ಜೋತುಬೀಳುತ್ತದೆ. ಕುರಿ ಉಣ್ಣೆ ನೆನೆದು ಉಜ್ಜಿದರೆ ಗಂಟುಗಟ್ಟಿ ಕುಗ್ಗುತ್ತದೆ. ಆದರೆ ಅಕ್ರಿಲಿಕ್ ಪ್ಲಾಸ್ಟಿಕ್ಕೇ. ಬಿಸಿಲಿಗೆ ಎಳೆ ಸವೆದು ಮಣ್ಣಿಗೆ ಉದುರುವ ತನಕ ಬಿಡುವುದು ಸರಿಯಲ್ಲ. ಅದಕ್ಕೇ ನಾವು ಹೊಸದನ್ನು ಆದಷ್ಟು ಕಡಿಮೆ ತಂದು, ಮನೆಗಳಲ್ಲಿ ಉಳಿದ ಉಂಡೆಗಳನ್ನೂ ಬಿಚ್ಚಿದ ಹಳೆಯ ಸ್ವೆಟರ್‌ಗಳನ್ನೂ ಬಳಸಿದೆವು.

ಮರದ ಅಳತೆಯನ್ನು ಸುಮ್ನೆ ಒಂದು ಕಡೆ ತೆಗೆದರೆ ಸಾಲದು. ಕಾಂಡ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಬುಡದಿಂದ ಪ್ರತಿ 20 ಸೆಂ.ಮೀ.ಗೆ ಒಮ್ಮೆ ಸುತ್ತಳತೆ ತೆಗೆದು ಬರೆದಿಟ್ಟುಕೊಳ್ಳಬೇಕು. ಹೆಣಿಗೆ ಹಿಗ್ಗುತ್ತದೆ. ಹಾಗಾಗಿ ಕಾಂಡ 100 ಸೆಂ.ಮೀ. ಇದ್ದಲ್ಲಿ ಹೊದಿಕೆ 90 ಸೆಂ.ಮೀ. ಇರಲಿ. ಎಳೆದು ಕೂಡಿಸಿದಾಗ ಮೈಗೆ ಕಚ್ಚಿ ನಿಲ್ಲುತ್ತದೆ, ಕೆಳಗೆ ಜಾರುವುದಿಲ್ಲ. ಕೊನೆಯ ಹೊಲಿಗೆ ಮರದ ಮೇಲೇ ಆಗಬೇಕು. ಒಬ್ಬರು ಎರಡೂ ಅಂಚನ್ನು ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ದಪ್ಪ ಸೂಜಿಯಲ್ಲಿ ಕೆಳಗಿನಿಂದ ಮೇಲಕ್ಕೆ ಹೊಲಿಯುತ್ತಾ ನಾಲ್ಕು ಹೊಲಿಗೆಗೊಮ್ಮೆ ದಾರ ಎಳೆದು ಬಿಗಿ ಮಾಡುತ್ತಾರೆ. ಮೊಳೆ, ತಂತಿ, ಅಂಟು ಏನೂ ಬೇಡ.

ಮೊದಲೇ ಅನುಮತಿ ಪಡೆದಿದ್ದೆವು. ಗುಟ್ಟಾಗಿ ರಾತ್ರಿ ಹೋಗಿ ಹಾಕಿ ಬರುವವರೂ ಇದ್ದಾರೆ. ಮಕ್ಕಳು, ಹಿರಿಯರು ಸೇರಿ ಮಾಡುವ ಕೆಲಸ ಹಗಲಲ್ಲೇ, ಎಲ್ಲರೆದುರೇ ನಡೆಯಲಿ ಅನ್ನುವುದು ನನ್ನ ಅಭಿಪ್ರಾಯ. ರಸ್ತೆಯ ಸೂಚನಾ ಫಲಕ, ಬೆಂಕಿ ನಂದಿಸುವ ನಲ್ಲಿ ಇವನ್ನು ಮುಟ್ಟಲೇಬಾರದು. ಹಕ್ಕಿ ಗೂಡು ಇರುವ ಮರವನ್ನೂ ಬಿಟ್ಟೆವು. ಇಳಿಬಿದ್ದ ದಾರದ ತುದಿ ಹಕ್ಕಿಯ ಕಾಲಿಗೆ ಸುತ್ತಿಕೊಳ್ಳಬಹುದು. ಅದಕ್ಕೆ ಪ್ರತಿ ತುದಿಯನ್ನೂ ಹೆಣಿಗೆಯೊಳಗೆ ಒಂದು ಕಡೆಗೆ ಹಾಯಿಸಿ, ತಿರುಗಿ ಇನ್ನೊಂದು ಕಡೆಗೆ ಹಾಯಿಸಿ, ಆಮೇಲೆ ಕತ್ತರಿಸಬೇಕು. ಬೇಸರದ ಕೆಲಸವೇ. ಆದರೂ ಒಂದು ತುದಿಯನ್ನೂ ಬಿಡುವ ಹಾಗಿಲ್ಲ.

ಹವಳದ ದಿಬ್ಬವನ್ನೇ ಕ್ರೋಶಾದಲ್ಲಿ ಹೆಣೆಸಿದ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ತೈಮ್ ಸೋದರಿಯರು, ಹೆಣೆದವರ ಹೆಸರುಗಳನ್ನೂ ಪ್ರದರ್ಶನದಲ್ಲಿ ಹಾಕುತ್ತಾರೆ. ನಾವೂ ಒಂದು ಫಲಕ ಮಾಡಿ ಎಲ್ಲರ ಹೆಸರು ಬರೆದೆವು. ಒಂದೇ ಒಂದು ಚೌಕ ಕೊಟ್ಟವರ ಹೆಸರೂ ಅದರಲ್ಲಿತ್ತು. ತಮ್ಮ ಹೆಸರಿನ ಮೇಲೆ ಬೆರಳಿಟ್ಟು, ಆಮೇಲೆ ಮರದ ಸುತ್ತ ತಿರುಗಿ ತಮ್ಮ ಚೌಕ ಹುಡುಕುತ್ತಿದ್ದರು.

ಹಾಕುವ ಮೊದಲೇ ತೆಗೆಯುವ ದಿನವನ್ನೂ ಗೊತ್ತು ಮಾಡಿ. ಒದ್ದೆ ಹೊದಿಕೆ ಬಹಳ ದಿನ ಇದ್ದರೆ ತೊಗಟೆಯಲ್ಲಿ ತೇವ ನಿಂತು ಬೂಸ್ಟು ಬರಬಹುದು. ಎಳೆ ಮರವಾದರೆ ಬೆಳೆಯುತ್ತಾ ದಪ್ಪವಾಗುತ್ತಿರುತ್ತದೆ. ಕೆಲವು ವಾರ ಸಾಕು. ಮರದ ಮೇಲೆ ಹಾಕುವ ಆ ಕೊನೆಯ ಹೊಲಿಗೆಗೆ ನಾವು ಹಳದಿ ದಾರ ಬಳಸಿದೆವು. ತೆಗೆಯಲು ಯಾರೇ ಬಂದರೂ ಹಳದಿಯನ್ನು ಮಾತ್ರ ಕತ್ತರಿಸಿದರೆ ಆಯಿತು. ಹೊದಿಕೆ ಇಡಿಯಾಗಿ ಬಿಚ್ಚಿಕೊಂಡು ಕೈಗೆ ಬರುತ್ತದೆ, ಒಂದು ಚೌಕಕ್ಕೂ ಕತ್ತರಿ ತಾಗುವುದಿಲ್ಲ. ಒಗೆದು ಒಣಗಿಸಿದರೆ ಮುಂದಿನ ಸಲ ಬೆಂಚಿಗೋ ಕಂಬಕ್ಕೋ ಮತ್ತೆ ಜೋಡಿಸಬಹುದು.