ಪೋಡಿನ ಅರ್ಜಿ ನಾನು ಎರಡು ಸಲ ಬರೆದೆ

ನಾನು ರಿಟೈರ್ಡ್ ಪ್ರೈಮರಿ ಶಾಲೆ ಮೇಷ್ಟ್ರು. ಊರಿನವರಿಗೆ ಅರ್ಜಿ ಬರೆದುಕೊಡೋದು ಹಳೇ ಅಭ್ಯಾಸ. ಪಿಂಚಣಿ, ಪಹಣಿ ತಿದ್ದುಪಡಿ, ರೇಷನ್ ಕಾರ್ಡು, ಎಲ್ಲಾ ಬರೆದಿದ್ದೇನೆ. ಹಾಗಾಗಿ ಬಿಳಿಗಿರಿರಂಗನ ಬೆಟ್ಟದ ಕೊಳ್ಳೇಗಾಲ ಕಡೆಯ ಒಂದು ಪೋಡಿನವರು (ಪೋಡು ಅಂದರೆ ಸೋಲಿಗ ಬುಡಕಟ್ಟಿನವರ ಹಾಡಿ) ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಬರೆದುಕೊಡಿ ಅಂದಾಗ, ಒಂದು ಸಂಜೆಯ ಕೆಲಸ ಅಂದುಕೊಂಡೆ. ಎರಡು ವರ್ಷ ಹಿಡಿಯಿತು. ಮೊದಲ ವರ್ಷ ಹಾಳಾಗಿದ್ದು ನನ್ನಿಂದಲೇ.

ಮೊದಲ ಸಲ ಬರೆದಿದ್ದು ಹೀಗೆ: "ಸದರಿ ಜಾಗವನ್ನು ದಯಮಾಡಿ ಮಂಜೂರು ಮಾಡಿಕೊಡಬೇಕಾಗಿ ತಮ್ಮಲ್ಲಿ ಬೇಡಿಕೊಳ್ಳುತ್ತೇವೆ." ಕೈ ಪಳಗಿದ ಸಾಲು, ಪೆನ್ನು ತಾನಾಗೇ ಓಡಿತು. ಗಟ್ಟಿಯಾಗಿ ಓದಿದೆ. ಜಗಲಿ ಮೇಲೆ ಕೂತಿದ್ದ ತಾತ, "ಬೇಡ್ಕೊಳ್ಳೋದ್ಯಾಕೆ ಮೇಷ್ಟ್ರೇ? ನಮ್ಮಪ್ಪನ್ನ ಹೂತಿರೋದೇ ಅಲ್ಲಿ" ಅಂದರು. ಆಫೀಸಿಗೆ ಹಾಗೇ ಬರೀಬೇಕು ತಾತ ಅಂತ ನಕ್ಕುಬಿಟ್ಟೆ.

ಏಳೆಂಟು ತಿಂಗಳಾದ ಮೇಲೆ ಹಿಂಬರಹ ಬಂತು. ಅರಣ್ಯ ಜಮೀನು ಮಂಜೂರಾತಿಗೆ ಅವಕಾಶ ಇರುವುದಿಲ್ಲ, ಅರ್ಜಿ ಮುಕ್ತಾಯಗೊಳಿಸಿದೆ. ಅಷ್ಟೇ. ನಾನು ಬರೆದ ಪದವನ್ನೇ ನನಗೆ ವಾಪಸ್ ಕೊಟ್ಟಿದ್ದರು.

ಆಮೇಲೆ ಕೂತು 2006ರ ಕಾಯ್ದೆ ಓದಿದೆ. (ಮೊದಲೇ ಓದಬೇಕಿತ್ತು, ಬೈಯಬೇಡಿ.) ಅದರ ಹೆಸರಿನಲ್ಲೇ 'ಹಕ್ಕುಗಳ ಮಾನ್ಯತೆ' ಅಂತ ಇದೆ. ವಸಾಹತು ಕಾಲದಲ್ಲೂ ಸ್ವತಂತ್ರ ಭಾರತದಲ್ಲೂ ಸರ್ಕಾರಿ ಕಾಡು ಮಾಡುವಾಗ ಇವರ ಪೂರ್ವಿಕರ ನೆಲದ ಹಕ್ಕನ್ನು ಸರಿಯಾಗಿ ಗುರುತಿಸಲಿಲ್ಲ, ಅದರಿಂದ ಚಾರಿತ್ರಿಕ ಅನ್ಯಾಯ ಆಯಿತು ಅಂತ ಪೀಠಿಕೆಯಲ್ಲಿ ಸರ್ಕಾರವೇ ಒಪ್ಪಿಕೊಂಡಿದೆ. ತಪ್ಪು ಒಪ್ಪಿಕೊಂಡವರ ಹತ್ತಿರ ಹೋಗಿ ನಾನು ದಯಮಾಡಿ ಅಂದಿದ್ದೆ.

ಆ ಅನ್ಯಾಯ ಹೇಗೆ ನಡೆಯಿತು ಅನ್ನೋದು ನಮ್ಮ ಕಡೆಯವರಿಗೇ ಜಾಸ್ತಿ ಗೊತ್ತಿಲ್ಲ. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಅಂದರೆ ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರಾಂತ್ಯ. ಅಲ್ಲಿ 1882ರ ಮದ್ರಾಸ್ ಅರಣ್ಯ ಕಾಯ್ದೆ ನಡೆಯುತ್ತಿತ್ತು. ಇಂಥ ಕಾಡನ್ನ ಮೀಸಲು ಮಾಡ್ತೀವಿ, ಹಕ್ಕು ಇದ್ದವರು ಇಷ್ಟು ತಿಂಗಳೊಳಗೆ ಬಂದು ಬರೆದುಕೊಡಿ ಅಂತ ನೋಟಿಸು ಹೊರಡಿಸೋದು, ಯಾರೂ ಬರದಿದ್ದರೆ ಆ ಹಕ್ಕು ಅಳಿದಂತೆ. ಬೆಟ್ಟದ ಮೇಲೆ ರಾಗಿ ಬಿತ್ತಿಕೊಂಡು ಜೇನು ಇಳಿಸಿಕೊಂಡು ಇದ್ದವರು ಎಲ್ಲಿಂದ ಓದಬೇಕು ಆ ನೋಟಿಸು? ಮತ್ತೆ 1974ರಲ್ಲಿ ಅಭಯಾರಣ್ಯ ಆಯಿತು, ಕಾಡು ಸವರಿ ಜಾಗ ಬದಲಿಸುತ್ತಾ ಬಿತ್ತೋ ಕುಮರಿ ಬೇಸಾಯ ನಿಂತಿತು, ಒಳಗಿದ್ದ ಪೋಡುಗಳನ್ನ ತಂದು ರಸ್ತೆ ಬದಿಗೆ ಕೂರಿಸಿದರು.

ಆದರೆ ಅದೇ ಬೆಟ್ಟದಲ್ಲಿ 2011ರ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತ್ತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ದೇಶದಲ್ಲೇ ಅದು ಮೊದಲು. ಅವರಿಗೆ ಸಿಕ್ಕಿದ್ದು ಇವರಿಗೆ ಯಾಕೆ ಸಿಗಬಾರದು?

ಎರಡನೇ ಸಲ ಪೆನ್ನು ಹಿಡಿಯೋ ಮೊದಲು ನಡೆದೆವು. ನಿಯಮದಲ್ಲಿ ಸ್ಮಶಾನ, ಪೂಜೆಯ ಜಾಗ, ಹಳೇ ಮನೆಯ ಗುರುತು ಎಲ್ಲಾ ಸಾಕ್ಷಿ ಅಂತಲೇ ಬರೆದಿದೆ. ಸೋಲಿಗರಲ್ಲಿ ಒಂದೊಂದು ಕುಲಕ್ಕೂ ಒಂದೊಂದು ಯಲ್ಲೆ, ಅಂದರೆ ಕುಲದ ಪೂಜೆಯ ನೆಲ, ಯಲ್ಲೆಯೊಳಗೆ ದೇವರು, ಮಾರಮ್ಮ, ವೀರು ಅನ್ನೋ ದೈವ, ಕಲ್ಲುಗುಡಿ ಅನ್ನೋ ಸಮಾಧಿ ಕಲ್ಲು, ಅಬ್ಬಿ ಅನ್ನೋ ನೀರಿನ ಸೆಲೆ. ತಾತ ಮುಂದೆ, ಮೊಬೈಲ್‌ನಲ್ಲಿ ಜಿಪಿಎಸ್ ಹಾಕಿಕೊಂಡ ಪೋಡಿನ ಹುಡುಗ ಹಿಂದೆ, ಏದುಸಿರು ಬಿಡ್ತಾ ನಾನು ಕೊನೆಗೆ. ಒಂದು ಕಡೆ ಬರೀ ಲಂಟಾನ, ಆಳೆತ್ತರ, ಒಳಗೆ ಕೈ ಹಾಕೋಕೂ ಆಗಲ್ಲ. ತಾತ ನಿಂತರು. ಇಲ್ಲೇ ಅಂದರು. ನನಗೆ ನಂಬಿಕೆ ಬರಲಿಲ್ಲ. ಹುಡುಗರು ಅರ್ಧ ದಿನ ಮಚ್ಚಿನಲ್ಲಿ ಸವರಿದ ಮೇಲೆ ಮೊಣಕಾಲೆತ್ತರದ ಕಲ್ಲುಗಳು ಕಂಡವು, ಸಾಲಾಗಿ, ಪಾಚಿ ಹಿಡಿದು. ಕಲ್ಲುಗುಡಿ. ತಾತ ಟವೆಲ್ ತೆಗೆದು ಒಂದು ಕಲ್ಲನ್ನ ಒರೆಸಿದರು, ಆಮೇಲೆ ಅದರ ಪಕ್ಕದ್ದನ್ನ. ಹುಡುಗ ಲೊಕೇಶನ್ ಸೇವ್ ಮಾಡುವಾಗ ಹೆಸರು ಏನು ಹಾಕಲಿ ಅಂತ ಕೇಳಿದ. ತಾತ ತಮ್ಮಪ್ಪನ ಹೆಸರು ಹೇಳಿದರು.

ಹೇಳಿಕೆ ಬರೆಸೋದರಲ್ಲಿ ಒಂದು ತೊಡಕಿದೆ, ಇದನ್ನ ಗಮನಿಸಿ. ಹಿರಿಯರ ಹೇಳಿಕೆ ಸಾಕ್ಷಿ ಆಗಬೇಕಾದರೆ ಆ ಹಿರಿಯರು ಅರ್ಜಿದಾರರಾಗಿರಬಾರದು. ಇಡೀ ಪೋಡೇ ಅರ್ಜಿ ಹಾಕುವಾಗ ಪೋಡಿನ ತಾತನೂ ಅರ್ಜಿದಾರ ಅಲ್ವಾ? ಹಾಗಾಗಿ ಪಕ್ಕದ ಪೋಡಿನ ಅಜ್ಜಿಯ ಹತ್ತಿರ ಹೋದೆವು. ಆಧಾರ್‌ನಲ್ಲಿ ಅಜ್ಜಿ ಹುಟ್ಟಿದ್ದು ಜನವರಿ 1, ಅಲ್ಲಿ ಸುಮಾರು ಜನ ಹುಟ್ಟಿರೋದು ಜನವರಿ 1ಕ್ಕೇ. ಯಾವ ವರ್ಷ ಈ ಪೋಡಿನವರನ್ನ ಕೆಳಗೆ ತಂದ್ರು ಅಜ್ಜಿ ಅಂದರೆ, "ಬಿದಿರಕ್ಕಿ ಉಂಡ ವರ್ಷ" ಅಂದರು. ಮೊದಲಾಗಿದ್ದರೆ ನಾನು ಅದನ್ನ ಇಸವಿ ಮಾಡಿ ಬರೆದುಬಿಡುತ್ತಿದ್ದೆ. ಈ ಸಲ ಬಿದಿರಕ್ಕಿ ಅಂತಲೇ ಬರೆದೆ. ಬಿದಿರು ಹೂ ಬಿಟ್ಟು ಅಕ್ಕಿ ಕೊಡೋದು ಹತ್ತಾರು ವರ್ಷಕ್ಕೊಮ್ಮೆ, ಬೇಕಾದವರು ಲೆಕ್ಕ ಹಾಕಿಕೊಳ್ಳಲಿ.

ಗ್ರಾಮಸಭೆ ಮೊದಲ ಸಲ ಬಿದ್ದುಹೋಯಿತು. ಅರ್ಧದಷ್ಟು ಸದಸ್ಯರು ಇರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ನಾವು ಕಾಫಿ ಹಣ್ಣು ಕೀಳೋ ಕಾಲದಲ್ಲಿ ಕರೆದಿದ್ದೆವು, ಎಲ್ಲಾ ತೋಟದ ಕೂಲಿಗೆ ಹೋಗಿದ್ದರು. ಎರಡನೇ ಸಲ ರೊಟ್ಟಿ ಹಬ್ಬಕ್ಕೆ ಎಲ್ಲರೂ ಪೋಡಿಗೆ ಬಂದಾಗ ಮಾರನೇ ದಿನವೇ ಸಭೆ ಇಟ್ಟೆವು. ಜಾಗ ಸಾಲಲಿಲ್ಲ.

ಜೇನು, ನೆಲ್ಲಿಕಾಯಿ, ಪಾಸಿ (ಕಲ್ಲುಹೂವು) ತರೋ ಹಕ್ಕಿಗೆ ಬಿ ನಮೂನೆ, ಕಾಡನ್ನ ತಾವೇ ನೋಡಿಕೊಳ್ಳೋ ಹಕ್ಕಿಗೆ ಸಿ ನಮೂನೆ. ಎರಡನ್ನೂ ಹಾಕಿ. ಆವಕ ನಂಬರ್, ಮುದ್ರೆ ಇಲ್ಲದೆ ಆಫೀಸಿನ ಮೆಟ್ಟಿಲು ಇಳಿಯಬೇಡಿ. ತಿರಸ್ಕರಿಸಿದರೆ ಕಾರಣ ಬರೆದುಕೊಡಲೇಬೇಕು, 60 ದಿನದೊಳಗೆ ಮೇಲಿನ ಸಮಿತಿಗೆ ಹೋಗಬಹುದು.

ಕಡತ ಈಗ ಉಪವಿಭಾಗ ದಾಟಿ ಜಿಲ್ಲಾ ಸಮಿತಿಯಲ್ಲಿದೆ. ಕೊನೆಯ ಪ್ಯಾರಾ ಓದಿ ಹೇಳಿದಾಗ "ನಮ್ಮ ಹಕ್ಕನ್ನು ಮಾನ್ಯ ಮಾಡತಕ್ಕದ್ದು" ಅನ್ನೋ ಕಡೆ ತಾತ ನಿಲ್ಲಿಸಿದರು. ಇನ್ನೊಂದ್ಸಲ ಓದಿ ಮೇಷ್ಟ್ರೇ ಅಂದರು. ಓದಿದೆ. ಹೆಬ್ಬೆಟ್ಟು ಒತ್ತೋಕೆ ಕೈ ಚಾಚಿದರು.