ಜಿಂಕೆಯ ಸ್ಟೇಕಿನಲ್ಲಿ ಕಲಿತು ಹೋತದ ಬೆನ್ನಿಗೆ ಇಳಿಸಿದ ಹದ

ನಮ್ಮ ಶಿರಾ ಸೀಮೆಯಲ್ಲಿ ಬಾಡು ಬೇಯಿಸುವುದೆಂದರೆ ಕಾಯುವ ಕೆಲಸ. ಯುಗಾದಿಯ ಮರುದಿನದ ಹೊಸತೊಡಕಿಗೆ ನಮ್ಮ ಮನೆಯಲ್ಲಿ ಒಲೆಯ ಮುಂದೆ ಕೂರುವವನು ನಾನೇ. ಅದು ನಮ್ಮಪ್ಪನ ಕಾಲದಿಂದ ಬಂದ ರೂಢಿ. ಮೂಳೆಯಿಂದ ಮಾಂಸ ಬಿಡುವ ತನಕ ಪಾತ್ರೆ ಇಳಿಸಬಾರದು, ಗಟ್ಟಿ ಎನ್ನಿಸಿದರೆ ಇನ್ನೊಂದು ಚೊಂಬು ಬಿಸಿನೀರು ಹೊಯ್ದು ಇನ್ನರ್ಧ ಗಂಟೆ ಬಿಡಬೇಕು ಎಂಬುದಷ್ಟೇ, 30 ವರ್ಷ ಮೇಷ್ಟರ ಕೆಲಸ ಮಾಡಿದ ನನಗೆ ಬಾಡಿನ ವಿಷಯದಲ್ಲಿ ಗೊತ್ತಿದ್ದ ಪಾಠ. ಅದು ಅರ್ಧ ಪಾಠವೆಂದು ತಿಳಿದದ್ದು 2023ರ ಡಿಸೆಂಬರಿನಲ್ಲಿ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿರುವ ಮಗಳ ಮನೆಯಲ್ಲಿ, ಒಳ್ಳೆಯ ಜಿಂಕೆಯ ಮಾಂಸವನ್ನು ಕೈಯಾರೆ ಕೆಡಿಸಿದ ಮೇಲೆ.

ಜಿಂಕೆಯ ಮಾಂಸ ಎಂದೊಡನೆ ಇಲ್ಲಿಯವರು ಹುಬ್ಬೇರಿಸುವುದು ಸಹಜ, ಏರಿಸಲೂ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಜಿಂಕೆ, ಕಡವೆ, ಕೃಷ್ಣಮೃಗಗಳನ್ನು ಬೇಟೆಯಾಡುವುದೂ ಅವುಗಳ ಮಾಂಸವನ್ನು ಮಾರುವುದೂ ಇಟ್ಟುಕೊಳ್ಳುವುದೂ ಜೈಲಿಗೆ ಕಳಿಸುವ ಅಪರಾಧ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿಗೆ ನಾನು ಹಲವು ಸಲ ಶಾಲೆಯ ಮಕ್ಕಳನ್ನು ಕರೆದೊಯ್ದು ಕೃಷ್ಣಮೃಗಗಳ ಹಿಂಡನ್ನು ತೋರಿಸಿದವನು. ಹಾಗಾಗಿ ಮಗಳು ಅಂಗಡಿಯಿಂದ ಜಿಂಕೆಯ ತೊಡೆಮಾಂಸದ ಪೊಟ್ಟಣ ತಂದು ಅಡುಗೆಕಟ್ಟೆಯ ಮೇಲಿಟ್ಟಾಗ ಕಳ್ಳಮಾಲು ಕಂಡಂತೆ ಬೆಚ್ಚಿದೆ. "ಅಪ್ಪಾ, ಇಲ್ಲಿ ಇದು ನಮ್ಮೂರ ಕುರಿ ಇದ್ದಂಗೆ, ಸಾಕ್ತಾರೆ" ಎಂದು ಅವಳು ನಕ್ಕಳು. ಆ ದ್ವೀಪಗಳಲ್ಲಿ ಬಾವಲಿಗಳನ್ನು ಬಿಟ್ಟರೆ ನೆಲದ ಮೇಲೆ ಮೂಲದಿಂದ ಇದ್ದ ಸಸ್ತನಿಗಳೇ ಇಲ್ಲ. 19ನೇ ಶತಮಾನದಲ್ಲಿ ಯುರೋಪಿನ ವಲಸಿಗರು ಬೇಟೆಯ ಹವ್ಯಾಸಕ್ಕೆಂದು ತಂದು ಬಿಟ್ಟ ಕೆಂಪು ಜಿಂಕೆಗಳು, ತಿನ್ನುವ ಪ್ರಾಣಿ ಯಾವುದೂ ಇಲ್ಲದೆ ಹೆಚ್ಚಿ, ಕಾಡಿನ ಚಿಗುರನ್ನೆಲ್ಲ ಮೇಯ್ದು, ಕೊನೆಗೆ ಸರ್ಕಾರವೇ ಸಂಬಳ ಕೊಟ್ಟು ಬೇಟೆಗಾರರನ್ನು ಇಡುವಂತಾಯಿತು. 1969ರಲ್ಲಿ ಜಿಂಕೆ ಸಾಕಣೆಗೆ ಕಾನೂನಿನ ಒಪ್ಪಿಗೆ ಸಿಕ್ಕಿತು. ಈಗ ಬೇಲಿ ಹಾಕಿದ ಹುಲ್ಲುಗಾವಲಲ್ಲಿ ಅವು ದನಗಳಂತೆ ಮೇಯುತ್ತವೆ.

ಮೊದಲ ದಿನ ನಾನು ಮಾಡಿದ್ದು ನಮ್ಮೂರಿನ ಕ್ರಮ. ತೊಡೆಮಾಂಸವನ್ನು ಅರ್ಧ ಅಂಗುಲದ ಬಿಲ್ಲೆಗಳಾಗಿ ಕೊಯ್ದು, ಶುಂಠಿ, ಬೆಳ್ಳುಳ್ಳಿ, ಅಚ್ಚಖಾರದ ಪುಡಿ ಹಚ್ಚಿ, ಹೆಂಚಿನ ಮೇಲಿಟ್ಟು, ಕೆಂಪು ನೀರು ಒಸರುವುದು ನಿಲ್ಲುವ ತನಕ ಮಗುಚಿ ಮಗುಚಿ ಬೇಯಿಸಿದೆ. ಅದು ಗಟ್ಟಿಯಾದಂತೆ ಕಂಡಾಗ ಅಭ್ಯಾಸಬಲದಿಂದ ನೀರು ಚಿಮುಕಿಸಿ ಮುಚ್ಚಳ ಮುಚ್ಚಿ ಇನ್ನಷ್ಟು ಹೊತ್ತು ಬಿಟ್ಟೆ. ತಟ್ಟೆಗೆ ಬಂದದ್ದು ಬೂದಿಬಣ್ಣದ, ಅಂಚು ಸುರುಟಿಕೊಂಡ, ಈಲಿಯ (ಲಿವರಿನ) ವಾಸನೆಯ ಚಕ್ಕಳ. ಅಳಿಯ ಮಾತಾಡದೆ ಅಗಿಯುತ್ತಲೇ ಇದ್ದರು. ಮೊಮ್ಮಗಳು ಬಾಯಿಂದ ತೆಗೆದು ತಟ್ಟೆಯಂಚಿಗೆ ಇಟ್ಟಳು.

ಪಕ್ಕದ ಮನೆಯ ಮುದುಕರೊಬ್ಬರು ಹಿಂದೆ ಜಿಂಕೆ ಫಾರಂನಲ್ಲಿ ಕೆಲಸ ಮಾಡಿದವರು. ಮಗಳು ಈ ಕಥೆ ಹೇಳಿದಾಗ ಅವರು ನನಗೆ ಉಪದೇಶವನ್ನೇನೂ ಮಾಡಲಿಲ್ಲ. ಮಾಂಸಕ್ಕೆ ಚುಚ್ಚಿ ಶಾಖ ನೋಡುವ ಒಂದು ಥರ್ಮಾಮೀಟರನ್ನು ಕೈಗಿತ್ತು, 55 ಎಂಬ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಕುದಿಯುವ ನೀರು 100 ಡಿಗ್ರಿ ಎಂದು ಮಕ್ಕಳಿಗೆ ಹೇಳಿಕೊಟ್ಟ ನನಗೆ, ಬೆಂದ ಬಾಡಿನ ನಡುವಿನ ಶಾಖ ಎಷ್ಟಿರಬಹುದೆಂಬ ಪ್ರಶ್ನೆ ಅದುವರೆಗೆ ಹೊಳೆದೇ ಇರಲಿಲ್ಲ.

ಆಮೇಲೆ ಓದಿ, ಮಾಡಿ ನೋಡಿ ಅರ್ಥಮಾಡಿಕೊಂಡದ್ದು ಹೀಗೆ. ಮಾಂಸದಲ್ಲಿ ಎಳೆಎಳೆಯಾದ ಸ್ನಾಯು ಒಂದು, ಆ ಎಳೆಗಳನ್ನು ಕಟ್ಟಿ ಹಿಡಿದ ಪೊರೆ, ಸೆಳೆಗಳು ಇನ್ನೊಂದು. ಎರಡೂ ಶಾಖಕ್ಕೆ ಬಗ್ಗುವ ರೀತಿ ತದ್ವಿರುದ್ಧ. ಸ್ನಾಯುವಿನ ಎಳೆಗಳು 50 ಡಿಗ್ರಿಯ ಹೊತ್ತಿಗೆ ಬಿಗಿಯತೊಡಗಿ, 65 ಡಿಗ್ರಿ ದಾಟಿದ ಮೇಲೆ ಒದ್ದೆ ಬಟ್ಟೆ ಹಿಂಡಿದಂತೆ ತಮ್ಮ ರಸವನ್ನೆಲ್ಲ ಹೊರಹಾಕುತ್ತವೆ. ಸೆಳೆಗಳಲ್ಲಿರುವ ಕೊಲಾಜೆನ್ ಮಾತ್ರ ಹೆಚ್ಚು ಶಾಖದಲ್ಲಿ ಗಂಟೆಗಟ್ಟಲೆ ಬೆಂದು ಅಂಟಾಗಿ ಕರಗುತ್ತದೆ. ದಿನವಿಡೀ ನಡೆದಾಡಿ ದುಡಿದ ಕಾಲು, ಕತ್ತುಗಳಲ್ಲಿ ಸೆಳೆ ಹೆಚ್ಚು. ಅದಕ್ಕೇ ಕಾಲಿನ ಸಾರು ಬೆಂದಷ್ಟೂ ರುಚಿ. ಬೆನ್ನಿನ ಮಾಂಸದಲ್ಲಿ ಸೆಳೆ ಕಡಿಮೆ, ಕರಗಬೇಕಾದ್ದೇನೂ ಇಲ್ಲದಿರುವುದರಿಂದ ಹೆಚ್ಚು ಬೇಯಿಸಿದಷ್ಟೂ ಅದಕ್ಕೆ ನಷ್ಟವೇ. ಕೊಬ್ಬಿದ್ದರೆ ಬಾಯಿಗೆ ಒಣಗಿದ್ದು ತಿಳಿಯದೆ ಹೋಗುತ್ತದೆ. ಜಿಂಕೆಯ 100 ಗ್ರಾಂ ಮಾಂಸದಲ್ಲಿ ಕೊಬ್ಬು ಎರಡೂವರೆ ಗ್ರಾಂ ಆಸುಪಾಸು ಮಾತ್ರ, ತಪ್ಪನ್ನು ಮರೆಮಾಚುವಂಥದ್ದು ಅಲ್ಲಿ ಏನೂ ಇಲ್ಲ. ನನಗೆ ಬಂದ ಈಲಿಯ ವಾಸನೆಯೂ ಪ್ರಾಣಿಯ ದೋಷವಾಗಿರಲಿಲ್ಲ, ಹೆಚ್ಚು ಬೆಂದದ್ದರ ಫಲ.

ಎರಡನೆಯ ಸಲ ಬೆನ್ನಿನ ಮಾಂಸವನ್ನೇ ತರಿಸಿದೆ. ಅದರ ಒಂದು ಮೈಗೆ ಬೆಳ್ಳಿಯಂತೆ ಹೊಳೆಯುವ ತೆಳು ಪೊರೆ ಅಂಟಿಕೊಂಡಿರುತ್ತದೆ. ಹೆಂಚಿಗೆ ಬಿದ್ದೊಡನೆ ಸುರುಟಿಕೊಂಡು ಇಡೀ ತುಂಡನ್ನು ಬಿಲ್ಲಿನಂತೆ ಬಾಗಿಸುವುದು ಅದೇ. ಚೂರಿಯ ಮೊನೆಯನ್ನು ಪೊರೆಯ ಅಡಿಗೆ ತೂರಿಸಿ, ಎಡಗೈಯಲ್ಲಿ ಪೊರೆಯ ತುದಿಯನ್ನು ಬಿಗಿಯಾಗಿ ಎಳೆದು ಹಿಡಿದು, ಅಲಗನ್ನು ಮಾಂಸದ ಕಡೆಗಲ್ಲದೆ ತುಸು ಪೊರೆಯ ಕಡೆಗೆ ವಾಲಿಸಿ ಜಾರಿಸಿದರೆ ಅದು ರಿಬ್ಬನ್ನಿನಂತೆ ಬಿಟ್ಟುಬರುತ್ತದೆ. ಜಿಂಕೆಯ ಹೊರಗೊಬ್ಬನ್ನೂ ಪೂರ್ತಿ ತೆಗೆದೆ, ಏಕೆಂದರೆ ಅದು ತುಸು ಆರಿದರೂ ಮೇಣದಂತೆ ಅಂಗುಳಿಗೆ ಅಂಟುತ್ತದೆ. ಹಿಂದಿನ ರಾತ್ರಿಯೇ ಉಪ್ಪು ಸವರಿ ಮುಚ್ಚದೆ ಫ್ರಿಜ್ಜಿನಲ್ಲಿಟ್ಟಿದ್ದರಿಂದ ಉಪ್ಪು ಒಳಗಿಳಿದು ಮೇಲ್ಮೈ ಒಣಗಿತ್ತು. ಸ್ಟೇಕ್ ಎನ್ನುವ ದಪ್ಪ ತುಂಡುಗಳಾಗಿ, ಒಂದೂವರೆ ಅಂಗುಲಕ್ಕೆ ಕೊಯ್ದು, ಹೊಗೆಯಾಡುವಷ್ಟು ಕಾದ ಕಬ್ಬಿಣದ ಬಾಣಲೆಯಲ್ಲಿ ಒಂದೊಂದು ಬದಿಗೆ ಎರಡು ನಿಮಿಷ ಇಟ್ಟು, ಉರಿ ತಗ್ಗಿಸಿ, ಒಂದು ಚಮಚ ಬೆಣ್ಣೆ ಮತ್ತು ಜಜ್ಜಿದ ಬೆಳ್ಳುಳ್ಳಿ ಹಾಕಿ, ಆ ಬೆಣ್ಣೆಯನ್ನೇ ಚಮಚದಿಂದ ಮೇಲೆ ಹೊಯ್ಯುತ್ತಾ ಬಂದೆ. ನಡುವಿನ ಶಾಖ 52ಕ್ಕೆ ಬಂದಾಗ ಇಳಿಸಿಬಿಟ್ಟೆ. ಇಳಿಸಿದ ಮೇಲೂ ಅಂಕಿ ಏರುತ್ತಾ ಹೋಗಿ 56ರಲ್ಲಿ ನಿಂತದ್ದನ್ನು ನೋಡಿದಾಗ, ಹೊರಮೈಯ ಕಾವು ಒಳಗೆ ಹರಿಯುವುದನ್ನು ಕಣ್ಣಾರೆ ಕಂಡಂತಾಯಿತು. ಎಂಟು ನಿಮಿಷ ಮುಟ್ಟದೆ ಬಿಟ್ಟು, ಎಳೆಗಳಿಗೆ ಅಡ್ಡಲಾಗಿ ಕೊಯ್ದೆ. ಒಳಗೆ ದಾಳಿಂಬೆಯ ಬಣ್ಣ. ಈ ಸಲ ಮೊಮ್ಮಗಳು ಎರಡನೆಯ ತುಂಡು ಕೇಳಿದಳು.

ಊರಿಗೆ ಮರಳಿದ ಮೇಲೆ ಜಿಂಕೆಯ ಮಾತೇ ಇಲ್ಲ, ಆದರೆ ಹದ ಕೈಗೆ ಬಂದಾಗಿತ್ತು. ಕುರಿಯಲ್ಲಿ ಮಾಡಿ ನೋಡಿದಾಗ ರುಚಿಯೇನೋ ಬಂತು, ಕೊಬ್ಬು ಹೆಚ್ಚಾಗಿ ಅದು ಬೇರೆಯೇ ತಿನಿಸಾಯಿತು. ಜಿಂಕೆಗೆ ಹತ್ತಿರವಾದದ್ದು ಬಯಲಲ್ಲಿ ಮೇಯ್ದ ಮೇಕೆಯೇ. ಅದರ ಮಾಂಸದಲ್ಲಿರುವ ಕೊಬ್ಬೂ 100 ಗ್ರಾಮಿಗೆ ಹೆಚ್ಚುಕಡಿಮೆ ಅಷ್ಟೇ. ಬಲಿತ ಹೋತ ನಾರುತ್ತದೆ, ಒಂದು ವರ್ಷ ತುಂಬದ ಹೋತದ ಮರಿಯಾದರೆ ಸರಿ. ಕಷ್ಟವಿದ್ದದ್ದು ಮಾಂಸದಂಗಡಿಯಲ್ಲಿ. ಬೆನ್ನನ್ನು ಕೊಚ್ಚದೆ ಇಡಿಯಾಗಿ ಕೊಡಿ ಎಂದರೆ ಅಂಗಡಿಯವರು ಮಚ್ಚು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿ, "ಅದನ್ನ ಮನೇಲಿ ಏನ್ ಮಾಡ್ತೀರಾ ಮೇಷ್ಟ್ರೇ, ಚಾಪ್ಸ್ ಮಾಡ್ಕೊಡ್ತೀನಿ ಬಿಡಿ" ಎಂದರು. ಈಗ ಹಿಂದಿನ ದಿನವೇ ಫೋನ್ ಮಾಡಿ ಹೇಳಿಡುತ್ತೇನೆ. ಬೆಳಿಗ್ಗೆ ಬೇಗ ಹೋದರೆ ಬೆನ್ನೆಲುಬಿನ ಸಮೇತ ತೆಗೆದಿಟ್ಟಿರುತ್ತಾರೆ.

ಮೂಳೆಯ ಸಮೇತ ಎಂಬುದಕ್ಕೆ ಕಾರಣವಿದೆ, ಅದನ್ನೂ ಕೆಡಿಸಿಯೇ ಕಲಿತೆ. ಮೊದಲ ಸಲ ಆಗಷ್ಟೇ ಕೊಯ್ದ ಮರಿಯ ಬೆನ್ನುಮಾಂಸವನ್ನು ಮೂಳೆಯಿಂದ ಬಿಡಿಸಿ ತಂದು ನೇರವಾಗಿ ಫ್ರೀಜರಿಗೆ ಹಾಕಿದ್ದೆ. ವಾರದ ನಂತರ ಹೊರತೆಗೆದಾಗ ಅದು ಕರಗುತ್ತಾ ಕಣ್ಣೆದುರೇ ಗಿಡ್ಡವಾಗಿ, ರಸ ಸುರಿಸಿ, ರಬ್ಬರಿನಂತಾಯಿತು. ಪ್ರಾಣಿ ಸತ್ತ ಕೆಲವು ಗಂಟೆಗಳಲ್ಲಿ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಆ ಸೆಟೆತ ಮುಗಿಯುವ ಮೊದಲೇ ಹೆಪ್ಪುಗಟ್ಟಿಸಿದರೆ, ಕರಗುವಾಗ ಅದು ಒಮ್ಮೆಲೇ ಕಾಣಿಸಿಕೊಂಡು ಮಾಂಸ ಕುಗ್ಗುತ್ತದೆ. ಮೂಳೆಗೆ ಅಂಟಿಕೊಂಡಿದ್ದರೆ ಅದು ಅಷ್ಟಾಗಿ ಕುಗ್ಗಲಾರದು. ಸೆಟೆತ ತಾನಾಗಿ ಇಳಿದು, ಮಾಂಸದೊಳಗಿನ ಕಿಣ್ವಗಳೇ ಎಳೆಗಳನ್ನು ಸಡಿಲಿಸಲು ಒಂದೆರಡು ದಿನ ಬೇಕು. ಜಿಂಕೆಯ ಮಾಂಸ ಅಂಗಡಿಗೆ ಬರುವಷ್ಟರಲ್ಲಿ ಈ ಹಂತ ಮುಗಿದೇ ಇರುತ್ತದೆ. ನಮ್ಮಲ್ಲಿ ಬೆಳಿಗ್ಗೆ ಕೊಯ್ದದ್ದು ಮಧ್ಯಾಹ್ನ ಸಾರಾಗುವುದರಿಂದ, ಕುಕ್ಕರ್ ಇಲ್ಲದೆ ಅದನ್ನು ಬಗ್ಗಿಸಲಾಗುವುದಿಲ್ಲ. ಆದ್ದರಿಂದ ಈಗ ಬೆನ್ನನ್ನು ಸ್ಟೀಲಿನ ಜಾಲರಿಯ ಮೇಲಿಟ್ಟು, ಅಡಿಗೆ ತಟ್ಟೆ ಕೊಟ್ಟು, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ 4 ಡಿಗ್ರಿ ಮೀರದಂತೆ ಎರಡು ರಾತ್ರಿ ಇಡುತ್ತೇನೆ. ಎರಡನೆಯ ರಾತ್ರಿ ಮಾಂಸ ಬಿಡಿಸಿ, ಪೊರೆ ತೆಗೆದು, ಅರ್ಧ ಕಿಲೋಗೆ ಒಂದು ಚಿಕ್ಕ ಚಮಚದಷ್ಟು ಉಪ್ಪು ಸವರುತ್ತೇನೆ. ಮೂಳೆ, ಚೂರುಪಾರು ಎಲ್ಲವೂ ಸಾರಿಗೆ.

ಮೇಕೆಯ ಬೆನ್ನು ಸಣ್ಣದು, ಬಿಲ್ಲೆ ಮಾಡಿದರೆ ಕಾವು ತಟ್ಟಿದೊಡನೆ ಒಣಗುತ್ತದೆ. ಗೇಣುದ್ದದ ತುಂಡನ್ನು ಇಡಿಯಾಗಿಯೇ ದೋಸೆಯ ಕಬ್ಬಿಣದ ಹೆಂಚಿನ ಮೇಲೆ ಕಡಲೆಕಾಯಿ ಎಣ್ಣೆಯಲ್ಲಿ ನಾಲ್ಕೂ ಮೈ ಕಂದುವಂತೆ ಹೊರಳಿಸುತ್ತೇನೆ. ಮಾಂಸದ ಮೇಲೆ ತೇವವಿದ್ದರೆ ಹೆಂಚಿನ ಕಾವೆಲ್ಲ ನೀರನ್ನು ಆರಿಸುವುದಕ್ಕೇ ಖರ್ಚಾಗಿ ಬಣ್ಣ ಬರುವುದಿಲ್ಲ, ಅದಕ್ಕಾಗಿ ಮೊದಲು ಒಣಬಟ್ಟೆಯಿಂದ ಒತ್ತುತ್ತೇನೆ. ಶಾಖದ ವಿಷಯದಲ್ಲಿ ಮಾತ್ರ ನಾನು ಇಲ್ಲಿ 55ಕ್ಕೆ ನಿಲ್ಲುವುದಿಲ್ಲ. ಅಂಗಡಿಯವರು ಸಂತೆಯಲ್ಲಿ ಕೊಂಡ ಮರಿ ಎಲ್ಲಿ ಮೇಯ್ದಿತ್ತು, ಹೇಗೆ ಕೊಯ್ದರು ಎಂಬುದು ನನ್ನ ಕೈಯಲ್ಲಿಲ್ಲ. ಅಮೆರಿಕದ ಕೃಷಿ ಇಲಾಖೆ ಕುರಿಯ ಸ್ಟೇಕ್, ಚಾಪ್ಸ್‌ಗಳಿಗೆ ಹೇಳುವ 63 ಡಿಗ್ರಿ ಮತ್ತು 3 ನಿಮಿಷದ ವಿರಾಮವನ್ನೇ ಮೇಕೆಗೂ ಅನ್ವಯಿಸಿಕೊಂಡು, 60ರಲ್ಲಿ ಇಳಿಸಿ, ಬೆಚ್ಚಗಿನ ತಟ್ಟೆಯಲ್ಲಿ ಮುಚ್ಚಿಟ್ಟು, 63 ತೋರಿಸಿ 3 ನಿಮಿಷ ಕಳೆದ ಮೇಲೆಯೇ ಕೊಯ್ಯುತ್ತೇನೆ. ತೋರಿಸದಿದ್ದರೆ ಮತ್ತೆ ಅರ್ಧ ನಿಮಿಷ ಹೆಂಚಿಗೆ. ನಡುವೆ ನಸುಗೆಂಪು ಉಳಿದಿರುತ್ತದೆ, ರಸವೂ ಇರುತ್ತದೆ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಈ ಹದದ್ದನ್ನು ಬಡಿಸುವುದಿಲ್ಲ. ನಮ್ಮ ಮನೆಯವರಿಗಂತೂ ಕೆಂಪು ಕಂಡರೆ ಆಗದು. ಅವರ ಪಾಲನ್ನು ತೆಳ್ಳಗೆ ಕೊಯ್ದು ಹೆಂಚಿನ ಮೇಲೆ ಇನ್ನೊಮ್ಮೆ ಆಡಿಸಿ ಕೊಡುತ್ತೇನೆ, ಅದು ತುಸು ಗಟ್ಟಿ ಎಂದು ಅವರು ಗೊಣಗುವುದೂ ಉಂಟು.

ರುಚಿಗೆ ಮಸಾಲೆ ಅರೆದು ಹಚ್ಚುವುದನ್ನು ಬಿಟ್ಟಿದ್ದೇನೆ. ಅರೆದದ್ದು ಕಾದ ಹೆಂಚಿನಲ್ಲಿ ಮಾಂಸ ಕಂದುವ ಮೊದಲೇ ಸೀದು ಕಹಿಯಾಗುತ್ತದೆ. ದಪ್ಪಗೆ ಕುಟ್ಟಿದ ಕಾಳುಮೆಣಸು ಮತ್ತು ಹುರಿದ ಕೊತ್ತಂಬರಿ ಬೀಜವನ್ನು ಇಳಿಸಿದ ಮೇಲೆ ಉದುರಿಸಿದರೆ ಸಾಕು. ಮಗಳು ಅಲ್ಲಿ ಪ್ಲಮ್ ಹಣ್ಣಿನ ಗೊಜ್ಜು ಮಾಡುತ್ತಿದ್ದಳು. ಕೊಬ್ಬಿಲ್ಲದ ಮಾಂಸಕ್ಕೆ ಹುಳಿ-ಸಿಹಿ ಹೊಂದುತ್ತದೆ. ಆ ಕೆಲಸಕ್ಕೆ ನಮ್ಮ ತುಮಕೂರು ಸೀಮೆಯ ಹುಣಸೆಗಿಂತ ಬೇರೆ ಏಕೆ ಬೇಕು? ಮಾಂಸ ತೆಗೆದ ಹೆಂಚಿನಲ್ಲಿ ತಳಹಿಡಿದ ಕಂದು ಪದರಕ್ಕೆ ಅರ್ಧ ಲೋಟ ತೆಳು ಹುಣಸೆರಸ ಹೊಯ್ದು, ಹಳೆಯ ಹೆಂಚಾದ್ದರಿಂದ ಹುಳಿ ಕಬ್ಬಿಣಕ್ಕೆ ಹೆಚ್ಚು ಹೊತ್ತು ತಾಕದಂತೆ ಬೇಗನೆ ಕೆರೆದು ಸ್ಟೀಲಿನ ಪಾತ್ರೆಗೆ ಬಗ್ಗಿಸಿ, ಗೋಲಿಗಾತ್ರದ ಬೆಲ್ಲ ಸೇರಿಸಿ, ಚಮಚಕ್ಕೆ ಅಂಟುವ ತನಕ ಕುದಿಸಿ, ಕೊನೆಗೆ ಒಂದು ಚಮಚ ಬೆಣ್ಣೆ ಕಲಕುತ್ತೇನೆ. ತಟ್ಟೆಯಲ್ಲಿ ಒಸರಿದ ರಸವೂ ಅದಕ್ಕೇ.

ಇದಕ್ಕೆ ಮುದ್ದೆ ಸೇರುವುದಿಲ್ಲ, ಮುದ್ದೆಗೆ ಸಾರೇ ಬೇಕು. ಬಿಸಿ ಅಕ್ಕಿರೊಟ್ಟಿಯ ಜೊತೆ ತಿನ್ನುತ್ತೇವೆ. ಮಿಕ್ಕಿದ್ದನ್ನು ಮತ್ತೆ ಬಿಸಿ ಮಾಡಿದರೆ ಕ್ರೈಸ್ಟ್‌ಚರ್ಚಿನ ಮೊದಲ ದಿನದ ಚಕ್ಕಳವೇ ಗತಿಯಾದ್ದರಿಂದ, ಅದನ್ನು ಫ್ರಿಜ್ಜಿನಲ್ಲಿಟ್ಟು, ಮರುದಿನ ತಣ್ಣಗಿರುವಾಗಲೇ ಕಾಗದದಷ್ಟು ತೆಳ್ಳಗೆ ಅಡ್ಡಕ್ಕೆ ಸೀಳಿ, ಈರುಳ್ಳಿ, ಹಸಿಮೆಣಸಿನಕಾಯಿ, ನಿಂಬೆರಸದ ಜೊತೆ ಕಲಸುತ್ತೇನೆ.