ಹೈಸ್ಕೂಲ್ ಸಮ್ಮಿಲನಕ್ಕೆ ಆಟಗಳನ್ನು ಹೀಗೆ ಹೊಂದಿಸಿ

ಹೈಸ್ಕೂಲ್ ಬ್ಯಾಚಿನವರು ಎಷ್ಟೋ ವರ್ಷಗಳ ಮೇಲೆ ಸೇರಿದಾಗ ಮೊದಲ ಅರ್ಧ ಗಂಟೆಯೇ ಕಷ್ಟದ್ದು. ಮುಖದ ಗುರುತು ಹತ್ತುತ್ತದೆ, ಹೆಸರು ಬಾಯಿಗೆ ಬರುವುದಿಲ್ಲ, ಕೇಳಲು ಸಂಕೋಚ. ಕೊನೆಗೆ ಅಂದು ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ನಾಲ್ವರು ಇಂದೂ ಒಂದು ಮೂಲೆ ಹಿಡಿದುಬಿಡುತ್ತಾರೆ. ಈ ಗುಂಪುಗಳನ್ನು ಬೆರೆಸುವ ಆಟಗಳನ್ನೇ ಮೊದಲು ಆರಿಸಿ.

ಮನೋವಿಜ್ಞಾನಿ ಹ್ಯಾರಿ ಬಾರಿಕ್ ಮತ್ತು ಸಂಗಡಿಗರು 392 ಮಂದಿಯ ಹೈಸ್ಕೂಲ್ ನೆನಪನ್ನು ಪರೀಕ್ಷಿಸಿ 1975ರಲ್ಲಿ ಅಧ್ಯಯನ ಪ್ರಕಟಿಸಿದ್ದರು. ಶಾಲೆ ಬಿಟ್ಟು 15 ವರ್ಷವಾದವರೂ ಸಹಪಾಠಿಗಳ ಹೆಸರು, ಫೋಟೊಗಳನ್ನು ಸುಮಾರು ಶೇ 90ರಷ್ಟು ಸರಿಯಾಗಿ ಗುರುತಿಸಿದ್ದರು. ಸುಳಿವಿಲ್ಲದೆ ಹೆಸರು ನೆನಪಿಸಿಕೊಳ್ಳಿ ಎಂದಾಗ ಮಾತ್ರ ತಡವರಿಸಿದರು. ಆದ್ದರಿಂದ ‘ನಾನ್ಯಾರು ಹೇಳು ನೋಡೋಣ’ ಎಂಬ ಆಟ ಬೇಡವೇ ಬೇಡ. ಹೆಸರನ್ನೂ ಫೋಟೊವನ್ನೂ ಕೊಟ್ಟು ಹೊಂದಿಸಲು ಹೇಳಿ, ಎಲ್ಲರೂ ಗೆಲ್ಲುತ್ತಾರೆ.

ಒಂದು ತಿಂಗಳ ಮೊದಲು

ಬ್ಯಾಚಿನ ವಾಟ್ಸ್‌ಆಪ್ ಗ್ರೂಪಿನಲ್ಲಿ ಪ್ರತಿಯೊಬ್ಬರಿಂದ ಎರಡು ವಿಷಯ ಕೇಳಿ: ಶಾಲಾ ದಿನಗಳ ಒಂದು ಫೋಟೊ, ಮತ್ತು ಬೇರೆಯವರಿಗೆ ಗೊತ್ತಿಲ್ಲದ ಒಂದು ಶಾಲೆಯ ಪ್ರಸಂಗ. ಇವನ್ನು ಗ್ರೂಪಿಗೆ ಹಾಕದೆ ಒಬ್ಬರಿಗೇ ಖಾಸಗಿಯಾಗಿ ಕಳಿಸಲಿ. ಅಡ್ಡಹೆಸರು ಬಳಸುವ ಮುನ್ನ ಆ ವ್ಯಕ್ತಿಯನ್ನೇ ಕೇಳಿ. ಅಂದು ಎಲ್ಲರೂ ನಕ್ಕ ಹೆಸರು ಅವರಿಗೆ ಇಂದಿಗೂ ನೋಯುತ್ತಿರಬಹುದು.

ಬಾಗಿಲಲ್ಲಿ

ಬಂದವರಿಗೆಲ್ಲ ಬ್ಯಾಡ್ಜ್ ಕೊಡಿ. ಹಳೆಯ ಫೋಟೊ, ಕೆಳಗೆ ಹೆಸರು. ಕನ್ನಡಕ ಹುಡುಕದೆ ಓದುವಷ್ಟು ದಪ್ಪ ಅಕ್ಷರ ಇರಲಿ.

ಸಹಿ ಬೇಟೆ

ಒಂದೇ ಆಟಕ್ಕೆ ಸಮಯವಿದೆ ಎಂದಾದರೆ ನಾನು ಇದನ್ನೇ ಆರಿಸುತ್ತೇನೆ. ಒಂದು ಹಾಳೆಯಲ್ಲಿ ಅಡ್ಡಕ್ಕೆ ಐದು, ಉದ್ದಕ್ಕೆ ಐದು, ಒಟ್ಟು 25 ಮನೆ ಹಾಕಿ. ಪ್ರತಿ ಮನೆಯಲ್ಲಿ ಒಂದು ವಿವರಣೆ: ‘ಗಣಿತದ ಪೀರಿಯಡ್ಡಿನಲ್ಲಿ ಹೊರಗೆ ನಿಂತವರು’, ‘ಹಳೆಯ ನೋಟ್‌ಬುಕ್ ಇನ್ನೂ ಇಟ್ಟುಕೊಂಡವರು’, ‘ಪ್ರೋಗ್ರೆಸ್ ಕಾರ್ಡಿಗೆ ತಾವೇ ಅಪ್ಪನ ಸಹಿ ಹಾಕಿದವರು’. ಅದಕ್ಕೆ ಹೊಂದುವವರನ್ನು ಹುಡುಕಿ ಸಹಿ ಪಡೆಯಬೇಕು. ಮೊದಲು ಒಂದು ಸಾಲು ತುಂಬಿಸಿದವರು ಗೆದ್ದರು. ಒಬ್ಬರು ಒಂದು ಹಾಳೆಗೆ ಒಂದೇ ಸಹಿ ಹಾಕಬೇಕು, ಇದನ್ನು ಸಡಿಲಿಸಬೇಡಿ. ಆ ನಿಯಮವಿದ್ದರೆ ಮಾತ್ರ ಜನ ಹೊಸ ಹೊಸಬರ ಬಳಿ ಹೋಗುತ್ತಾರೆ. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ 16 ಮನೆ ಸಾಕು. ನೀವು ಸಂಗ್ರಹಿಸಿದ ಪ್ರಸಂಗಗಳೇ ಈ ಮನೆಗಳಿಗೆ ಸಾಮಗ್ರಿ. ಸಂಬಳ, ಮದುವೆ, ಮಕ್ಕಳು, ಅಂಕಗಳ ವಿಷಯ ಒಂದು ಮನೆಯಲ್ಲೂ ಬರಕೂಡದು. ಹಾಗೆ ಮಾಡಿದರೆ ಯಾರೋ ಒಬ್ಬರು ಮುಂದಿನ ಸಮ್ಮಿಲನಕ್ಕೆ ಬರುವುದಿಲ್ಲ.

ತಂಡದ ಆಟ

ಎ ಸೆಕ್ಷನ್, ಬಿ ಸೆಕ್ಷನ್ ಎಂದು ತಂಡ ಮಾಡಿದರೆ ಹಳೆಯ ಗುಂಪೇ ಮತ್ತೆ ಸೇರುತ್ತದೆ. ಹುಟ್ಟಿದ ತಿಂಗಳ ಪ್ರಕಾರ ಮಾಡಿ. ಶಾಲೆಯ ರಸಪ್ರಶ್ನೆ, ಮೂಕಾಭಿನಯ ಎರಡೂ ನಡೆಯುತ್ತವೆ. ಓಡುವ, ಜಿಗಿಯುವ ಆಟವಿದ್ದರೆ ಅದರಲ್ಲೇ ಕುಳಿತು ಮಾಡುವ ಕೆಲಸವೂ ಇರಲಿ, ಉದಾಹರಣೆಗೆ ಅಂಕ ಬರೆಯುವುದು. ಒಂದು ಆಟಕ್ಕೆ 20 ನಿಮಿಷ, ಅರ್ಧ ದಿನಕ್ಕೆ ಮೂರು ಆಟ, ಅದಕ್ಕಿಂತ ಹೆಚ್ಚು ಬೇಡ. ಮಾತು ರಂಗೇರಿದ್ದರೆ ಮೈಕ್ ಹಿಡಿದು ನಿಲ್ಲಿಸಬೇಡಿ, ಆಟವನ್ನೇ ಬಿಟ್ಟುಬಿಡಿ.

ಹಾಜರಿ

ಊಟಕ್ಕೆ ಮುನ್ನ ಹಳೆಯ ಮೇಷ್ಟ್ರು ಅಥವಾ ಟೀಚರ್ ಒಬ್ಬರಿಂದ ಹಾಜರಿ ಕರೆಸಿ. ‘ಪ್ರೆಸೆಂಟ್’ ಎಂದವರು ಒಂದೇ ಒಂದು ಮಾತು ಸೇರಿಸಲಿ, ಭಾಷಣ ಬೇಡ. ತೀರಿಕೊಂಡವರ ಹೆಸರು ಆ ಪಟ್ಟಿಯಲ್ಲಿ ಇದೆಯೇ ಎಂದು ಮೊದಲೇ ನೋಡಿ, ಕರೆಯುವವರಿಗೆ ತಿಳಿಸಿರಿ. ಆ ಹೆಸರು ಬಂದಾಗ ಎಲ್ಲರೂ ಎದ್ದು ನಿಲ್ಲಬಹುದು.

ಗ್ರೂಪ್ ಫೋಟೊವನ್ನು ಹಾಜರಿ ಮುಗಿದ ಕೂಡಲೇ ತೆಗೆಸಿ. ಊಟವಾದ ಮೇಲೆ ಒಬ್ಬೊಬ್ಬರೇ ಹೊರಡಲು ಶುರು ಮಾಡುತ್ತಾರೆ. ಹಳೆಯ ಕ್ಲಾಸ್ ಫೋಟೊದ ದೊಡ್ಡ ಪ್ರತಿಯನ್ನು ಎದುರಿಗಿಟ್ಟು, ಯಾರು ಎಲ್ಲಿ ನಿಂತಿದ್ದರೋ ಅಲ್ಲೇ ನಿಲ್ಲಲು ಹೇಳಿ. ಮಂಡಿ ನೋವಿನವರಿಗೆ ಮುಂದಿನ ಸಾಲಿನಲ್ಲಿ ನಾಲ್ಕು ಕುರ್ಚಿ ಹೆಚ್ಚಿಗೆ ಹಾಕಿಸಿ.